ಗಿಟಾರಿನಾಗ ಆ ‘ಟುಪ್ ಟುಪ್’ ದನಿ ಹೆಂಗ ತರೋದು?

ಪ್ರಶ್ನೆ (ಕಲಬುರಗಿ): ಇಂಡೀ ಫೋಕ್ ಹಾಡಿನಾಗ ಗಿಟಾರ್ ಝಣಝಣ ಅನ್ನಲ್ಲ, ದನಿ ಮೆತ್ತಗ ಬಂದು ಥಟ್ಟನೆ ನಿಲ್ತದ. ಸ್ಟೀಲ್ ತಂತಿ ಮ್ಯಾಲೆ ಅಂಗೈ ಒತ್ತಿದ್ರ ಒಂದು ತಂತಿ ಜೋರು, ಇನ್ನೊಂದು ಸತ್ತಂಗ. ಬೆರಳಿಲೆ ಬಾರಿಸಲಿಕ್ಕೂ ಆಗಲ್ಲ. ಬ್ಯಾರೆ ದಾರಿ ಅದ ಏನ್ರಿ?

ಉತ್ತರ (ಬೀದರ್): ಪ್ಯಾಕಿಂಗ್‌ಗೆ ಬರೋ ಮೆತ್ತನೆ ಫೋಮ್ ಸಾಕ್ರಿ. 1 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ, ಸ್ಯಾಡಲ್‌ಗೆ (ಗಿಟಾರಿನ ಬುಡದಾಗ ತಂತಿ ಕೂಡೋ ಸಣ್ಣ ಪಟ್ಟಿ) ಅಂಟಿದಂಗ ತಂತಿ ಕೆಳಗ ತೂರಿಸ್ರಿ. ತಂತಿಗೆ ತಾಗಬೇಕು, ಎತ್ತಬಾರದು. ಫೋಮ್ ಸೌಂಡ್‌ಹೋಲ್ (ಗಿಟಾರಿನ ನಡುವಿನ ದುಂಡು ರಂಧ್ರ) ಕಡೆ ಸರಿದಷ್ಟೂ ಸ್ವರ ಹೋಗಿ ಬರೀ ‘ಧಪ್’ ಉಳೀತದ.

ಉತ್ತರ (ಯಾದಗಿರಿ): ನೀವು ಕೇಳಿದ್ದು ಬಹುಶಃ ರಬ್ಬರ್ ಬ್ರಿಡ್ಜ್ ಗಿಟಾರ್, ಅಂದ್ರ ತಂತಿ ಕೂಡೋ ಬ್ರಿಡ್ಜಿಗೆ ರಬ್ಬರ್ ಹಾಕಿದ ಗಿಟಾರ್. ಲಾಸ್ ಏಂಜಲೀಸಿನ ರೂಬೆನ್ ಕಾಕ್ಸ್ ಹಳೇ ಅಗ್ಗದ ಗಿಟಾರಿಗೆ ಹಿಂಗ ರಬ್ಬರ್ ಕೂಡಿಸಿ ಹೆಸರಾದವರು. ಅರ್ಧ ಕೆಲಸ ಫ್ಲಾಟ್‌ವೂಂಡ್ (ಮ್ಯಾಲಿನ ಸುತ್ತು ಚಪ್ಪಟೆ, ನುಣುಪು ಇರೋ) ತಂತಿದೇ. ಬ್ರಾಂಜ್ ಸುತ್ತಿದ ಹೊಸ ಸ್ಟೀಲ್ ತಂತಿಯ ಚುರುಕು ಫೋಮ್ ಇಟ್ರೂ ಪೂರ್ತಿ ಹೋಗಲ್ಲ. ಮನ್ಯಾಗ ಮಾಡೋದಾದ್ರ ಸೈಕಲ್ ಟ್ಯೂಬಿನ ತುಂಡು ಸ್ಯಾಡಲ್ ಮ್ಯಾಲೆ ಹಾಸ್ರಿ. ರಬ್ಬರ್ ದಪ್ಪದಷ್ಟು ತಂತಿ ಮ್ಯಾಲೇಳ್ತದ, ಅದಕ್ಕ ಒಂದು ಹೆಚ್ಚುವರಿ ಸ್ಯಾಡಲ್ ತಂದು ಅದರ ತಳ ಉಜ್ಜಿ ಇಳಿಸ್ರಿ. ಅಸಲಿದ್ದು ಮುಟ್ಟಬ್ಯಾಡ್ರಿ! ನಮ್ಮ ಮೇ ತಿಂಗಳ ಬಿಸಿಲಿಗೆ ರಬ್ಬರ್ ಮೆತ್ತಗಾಗಿ ತಂತಿ ಹೂತುಕೊಂಡ್ರ ಶ್ರುತಿ ಇಳೀತದ.

ಪ್ರಶ್ನೆ (ಕಲಬುರಗಿ): ಫೋಮ್ ಇಟ್ಟೆ. ದನಿ ಅದೇ ಬಂತು, ಆದ್ರ ಶ್ರುತಿ ಏರಲತದ.

ಉತ್ತರ (ಬೀದರ್): ಫೋಮ್ ದಪ್ಪಾಯ್ತು. ತಂತಿ ಎತ್ತಿದ್ರ ಬಿಗಿ ಹೆಚ್ಚಿ ಸ್ವರ ಏರ್ತದ. ಬ್ಲೇಡಿಲೆ 1–2 ಮಿ.ಮೀ. ಕೆತ್ತಿ ಮತ್ತ ಟ್ಯೂನ್ ಮಾಡ್ರಿ. ರೆಕಾರ್ಡ್ ಮಾಡುವಾಗ ದನಿ ಸಣ್ಣದಿರ್ತದ. ಮೈಕ್ 15–20 ಸೆಂ.ಮೀ. ಹತ್ರ ತರ್ರಿ, ಫ್ಯಾನ್ ಬಂದ್ ಮಾಡ್ರಿ.