ವಜೂಗೆ ಕನ್ನಡದಲ್ಲಿ ಏನನ್ನಬೇಕು? ಮಡಿ, ಅಂಗಸ್ನಾನ, ಕೈಕಾಲು ಮುಖ?

ಗೆಳೆಯರೇ, ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಮಂಡ್ಯದಲ್ಲಿ ನಮ್ಮ ಮನೆ ಹತ್ತಿರದ ಮಸೀದಿಯವರು ಒಂದು ದಿನ ಊರಿನ ಎಲ್ಲರನ್ನೂ ಒಳಗೆ ಕರೆದು ತೋರಿಸಬೇಕು ಅಂದುಕೊಂಡಿದ್ದಾರೆ. ಕನ್ನಡ ಬೋರ್ಡು ಬರೆದುಕೊಡುವ ಕೆಲಸ ನನ್ನದು. ಮಿಕ್ಕಿದ್ದೆಲ್ಲ ಸಲೀಸಾಗಿ ಮುಗಿಯಿತು. ನಮಾಜಿಗೆ ಮುಂಚೆ ತೊಳೆದುಕೊಳ್ಳುವ, ಅಂದರೆ ವಜೂ ಮಾಡುವ ನಲ್ಲಿಗಳ ಸಾಲಿನ ಹತ್ತಿರ ಬಂದು ನಿಂತುಬಿಟ್ಟೆ.

ಮೊದಲು 'ಮಡಿಯಾಗುವ ಜಾಗ' ಅಂತ ಬರೆದೆ. ಸರಿ ಅನ್ನಿಸಲಿಲ್ಲ. ನಮ್ಮಜ್ಜಿ ಮಡಿಯಲ್ಲಿದ್ದರೆ ಮಕ್ಕಳೆಲ್ಲ ದೂರ, ಮುಟ್ಟಿದರೆ ಮಡಿ ಹೋಯಿತು. ವಜೂ ಹಾಗಲ್ಲ. ಮಲಗಿ ನಿದ್ದೆ ಮಾಡಿದರೆ, ಮೂತ್ರಕ್ಕೆ ಹೋದರೆ, ಹೂಸು ಬಿಟ್ಟರೆ ಮುರಿಯುತ್ತದೆ, ಪಕ್ಕದವನ ಜಾತಿ ಯಾವುದು ಅನ್ನುವುದರಿಂದ ಮುರಿಯುವುದಿಲ್ಲ. (ಮುಸ್ಲಿಮರ ಧಾರ್ಮಿಕ ನಿಯಮಗಳಲ್ಲಿ ಬೇರೆ ಬೇರೆ ಪರಂಪರೆಗಳಿವೆ. ಅವುಗಳಲ್ಲಿ ಶಾಫಿಗಳಲ್ಲಿ ಗಂಡು ಹೆಣ್ಣಿನ ಸ್ಪರ್ಶದ ಬಗ್ಗೆ ಬೇರೆ ನಿಯಮ ಇದೆ, ನಮ್ಮ ಕಡೆ ಜಾಸ್ತಿ ಇರುವ ಹನಫಿಗಳಲ್ಲಿ ಅದೂ ಇಲ್ಲ.) ಪ್ರವಾದಿಯವರ ನಡೆನುಡಿಗಳ ಸಂಗ್ರಹವಾದ ಬುಖಾರಿಯಲ್ಲಿ ಒಂದು ಹದೀಸ್, ಅಂದರೆ ಅಂಥ ಒಂದು ವರದಿ ಇದೆ. ಸ್ನಾನ ಮಾಡಬೇಕಾದ ಸ್ಥಿತಿಯಲ್ಲಿದ್ದ ಅಬೂ ಹುರೈರಾ ಅನ್ನುವ ಸಂಗಾತಿ, ಪ್ರವಾದಿಯವರನ್ನು ಕಂಡು ಮೆಲ್ಲಗೆ ಜಾರಿಕೊಂಡು, ಸ್ನಾನ ಮುಗಿಸಿ ವಾಪಸ್ ಬರುತ್ತಾರೆ. ಎಲ್ಲಿ ಹೋಗಿದ್ದೆ ಅಂತ ಕೇಳಿ, ವಿಷಯ ತಿಳಿದು, ವಿಶ್ವಾಸಿ ಅಶುದ್ಧನಾಗುವುದಿಲ್ಲ ಅಂತ ಪ್ರವಾದಿಯವರು ಹೇಳುತ್ತಾರೆ. ಇದನ್ನು ಓದಿದ ಮೇಲೆ ಮಡಿ ಅನ್ನುವ ಪದವನ್ನು ಅಲ್ಲಿ ಇಡೋಕೆ ನನಗೆ ಮನಸ್ಸೇ ಬರಲಿಲ್ಲ. 'ಮುಟ್ಟು' ಅನ್ನುವ ಪದವೂ ಹಾಗೇ ಅಲ್ವಾ? ಆ ದಿನಗಳಲ್ಲಿ ಮುಸ್ಲಿಂ ಹೆಂಗಸರಿಗೆ ನಮಾಜ್ ಇಲ್ಲ, ಆದರೆ ಅಡುಗೆಮನೆಯಿಂದ ಆಚೆ ಕೂರಬೇಕಾಗಿಲ್ಲ. ನಮ್ಮ ಪದದೊಳಗೇ ಮುಟ್ಟಬೇಡ ಅನ್ನೋದು ಕೂತಿದೆ.

ಇನ್ನು ಅಂಗಸ್ನಾನ. ಕನ್ನಡದ ಇಸ್ಲಾಮಿ ಪುಸ್ತಕಗಳಲ್ಲಿ ಇದು ಓಡಾಡುತ್ತದೆ. ಆದರೆ ಸ್ನಾನ ಅಂದರೆ ಗುಸ್ಲ್, ಮೈಪೂರ್ತಿ ತೊಳೆಯುವುದು, ಅದು ಬೇರೆಯೇ. ಮೊನ್ನೆ ಅಸರ್ (ಸಂಜೆಗೆ ಮುಂಚಿನ ನಮಾಜ್) ಹೊತ್ತಿಗೆ ಒಬ್ಬ ಹಿರಿಯರ ಪಕ್ಕದ ಕಲ್ಲಿನ ಮೇಲೆ ಕೂತು ನೋಡಿದೆ. ವಾಚು ಬಿಚ್ಚಿ ಜೇಬಿಗೆ ಹಾಕಿದರು. ಉಂಗುರವನ್ನು ತಿರುಗಿಸಿ ಅದರಡಿಗೂ ನೀರು ಹೋಗುವ ಹಾಗೆ ಮಾಡಿದರು. ಬಾಯಿ, ಮೂಗು, ಮುಖ, ಮೊಣಕೈವರೆಗೆ ಕೈ, ಎಲ್ಲ ಮೂರು ಮೂರು ಸಲ. ಆಮೇಲೆ ತಲೆ. ಅದನ್ನು ತೊಳೆಯಲಿಲ್ಲ, ಒದ್ದೆ ಕೈಯಲ್ಲಿ ಸವರಿದರು ಅಷ್ಟೆ. ಕೊನೆಗೆ ಪಾದ, ಎಡಗೈ ಕಿರುಬೆರಳಿಂದ ಕಾಲ್ಬೆರಳ ಸಂದಿ ಸಂದಿ. ಕುರಾನಿನ 5ನೇ ಅಧ್ಯಾಯದ 6ನೇ ವಚನದಲ್ಲಿರುವುದೂ ಇದೇ: ಮುಖ, ಕೈ, ಪಾದಕ್ಕೆ ತೊಳೆಯುವುದು, ತಲೆಗೆ ಸವರುವುದು. ನೀರು ಸಿಗದಿದ್ದರೆ ಶುದ್ಧ ಮಣ್ಣು ಸವರಿಕೊಂಡರೂ ಸಾಕು ಅಂತ ಅದೇ ವಚನ ಹೇಳುತ್ತದೆ, ಅದು ತಯಮ್ಮುಮ್. ಮಣ್ಣಿನಿಂದಲೂ ಆಗುವುದನ್ನು ಸ್ನಾನ ಅನ್ನೋದು ಹೇಗೆ?

ಹಾಗಾದರೆ ಮೂಲ ಪದವನ್ನೇ ಇಡೋಣ ಅಂದರೆ ಕಾಗುಣಿತದ ಸಮಸ್ಯೆ. ಮೈಸೂರು, ಮಂಡ್ಯದ ಉರ್ದು ಮಾತಿನಲ್ಲಿ ವಜೂ. ಪುಸ್ತಕದಲ್ಲಿ ವುಝೂ. ಮಲಯಾಳಂನಲ್ಲಿ ವುಳೂ. ಇದಕ್ಕೆಲ್ಲ ಕಾರಣ ಅರಬಿಯ 'ದ್ವಾದ್' ಅಕ್ಷರ. ಫಾರಸಿ, ಉರ್ದುವಿನವರು ಅದನ್ನು ಜ ಥರ ಅಂದರು, ಮಲಯಾಳದವರು ಳ ಮಾಡಿಕೊಂಡರು. ನಮ್ಮ ರಂಜಾನ್ ಅವರಿಗೆ ರಮಳಾನ್ ಆಗಿರುವುದೂ ಇದೇ ಅಕ್ಷರದಿಂದ. ಇನ್ನೊಂದು ಸೂಕ್ಷ್ಮ ನನಗೆ ತುಂಬಾ ಇಷ್ಟವಾಯಿತು: ಅರಬಿಯಲ್ಲಿ ಈ ಪದ 'ವು' ಇಂದ ಶುರುವಾದರೆ ತೊಳೆಯುವ ಕ್ರಿಯೆ, 'ವ' ಇಂದ ಶುರುವಾದರೆ ಅದಕ್ಕೆ ಬಳಸುವ ನೀರು. ಧಾತುವಿನ ಅರ್ಥ ಹೊಳಪು, ಚೆಲುವು. ಕೊಳೆಯ ಸುದ್ದಿಯೇ ಇಲ್ಲ ಅದರಲ್ಲಿ.

ಸದ್ಯಕ್ಕೆ ನಾನು ದೊಡ್ಡ ಅಕ್ಷರದಲ್ಲಿ 'ವಜೂ', ಅದರ ಕೆಳಗೆ 'ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ಜಾಗ' ಅಂತ ಬರೆದಿಟ್ಟಿದ್ದೇನೆ. ಹೊಲದಿಂದ ಬಂದವರಿಗೆ ನಮ್ಮ ಮನೆಗಳಲ್ಲಿ ಮೊದಲು ಹೇಳುವ ಮಾತೇ ಅದು, ಕೈಕಾಲು ಮುಖ ತೊಳ್ಕೊಂಡು ಬಾ ಅಂತ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಮನೆಯಲ್ಲಿ ಕನ್ನಡವನ್ನೇ ಆಡುವ ಮುಸ್ಲಿಮರು ಇದಕ್ಕೆ ಬೇರೆ ಪದ ಬಳಸುವುದನ್ನು ಯಾರಾದರೂ ಕೇಳಿದ್ದೀರಾ? ಇದ್ದರೆ ದಯವಿಟ್ಟು ತಿಳಿಸಿ, ಗುರುವಾರ ಬೋರ್ಡು ಪೇಂಟರ್ ಕೈಗೆ ಹೋಗುತ್ತದೆ.