ಸಿಡ್ನಿಯ ಎಂಡೆವರ್ ಹಡಗು: ಡೂಪ್ಲಿಕೇಟ್ ನೋಡೋಕೆ ಹೋಗ್ಬೇಕಾ?

ಮಲ್ಲೇಶ್ವರಂ ಪ್ಯಾಟರ್ನ್‌ಮೇಕರ್:
ನಮಸ್ಕಾರ. ಮಗಳು ಸಿಡ್ನಿಯಲ್ಲಿದ್ದಾಳೆ, ಯುಗಾದಿ ಮುಗಿಸ್ಕೊಂಡು ನಾನೂ ನಮ್ಮನೆಯವರೂ ಹೊರಡ್ತಿದ್ದೀವಿ. ಅಲ್ಲಿ ಡಾರ್ಲಿಂಗ್ ಹಾರ್ಬರ್ ಮ್ಯೂಸಿಯಂನಲ್ಲಿ ಹದಿನೆಂಟನೇ ಶತಮಾನದ ಬ್ರಿಟಿಷ್ ನಾವಿಕ ಕ್ಯಾಪ್ಟನ್ ಕುಕ್‌ನ ಎಂಡೆವರ್ ಹಡಗಿನ ಪ್ರತಿಕೃತಿ ಇದೆಯಂತೆ. ಸ್ಯಾಂಕಿ ಕೆರೆ ವಾಕಿಂಗ್ ಗೆಳೆಯರು "ಡೂಪ್ಲಿಕೇಟ್ ನೋಡೋಕೆ ಟಿಕೆಟ್ ತಗೋತೀರೇನ್ರೀ" ಅಂತ ಆಡ್ಕೋತಾರೆ. ನಾನು ಫೌಂಡ್ರಿಗೆ ಮರದ ಪ್ಯಾಟರ್ನ್, ಅಂದ್ರೆ ಎರಕದ ಅಚ್ಚು ತೆಗೆಯೋ ಮಾದರಿ, ಮಾಡಿ ರಿಟೈರ್ ಆದವನು. ಪ್ಯಾಟರ್ನ್ ಒಂದು ಕೂದಲೆಳೆ ತಪ್ಪಿದ್ರೂ ಹೊಯ್ದ ಎರಕವೆಲ್ಲ ಗುಜರಿಗೆ. ಅದಕ್ಕೇ ಕೇಳ್ತಿದ್ದೀನಿ: ನಿಜವಾಗ್ಲೂ ಹಲಗೆ ಕೂಡಿಸಿ ಕಟ್ಟಿದ್ದಾ, ಇಲ್ಲ ಫೈಬರ್ ಮೇಲೆ ಮರ ಅಂಟಿಸಿದ ಸಿನಿಮಾ ಸೆಟ್ಟಾ? ಯಾವ ಮರ? ಮೊಣಕಾಲು ನೋವಿರೋರು ಒಳಗಿಳಿಯಬಹುದಾ?

ಜೆ.ಪಿ. ನಗರ, ಹಿಂದೆ ಸಿಡ್ನಿ:
ಸರ್, ಖಂಡಿತ ಹೋಗಿ. ಸೆಟ್ ಅಲ್ಲ, ಇಂಗ್ಲೆಂಡಿನವರೆಗೂ ಹಾಯಿ ಬಿಚ್ಚಿ ಹೋಗಿ ಬಂದಿರೋ ಹಡಗು. 1988ರಲ್ಲಿ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ನಲ್ಲಿ ಕೆಲಸ ಶುರುವಾಗಿ, ನೀರಿಗಿಳಿದದ್ದು 1993ರ ಡಿಸೆಂಬರ್‌ನಲ್ಲಿ. ಮೂಲ ಹಡಗನ್ನ 1778ರಲ್ಲಿ, ಫ್ರೆಂಚರ ದಾರಿ ಅಡ್ಡಗಟ್ಟೋಕೆ ಅಂತ, ಬ್ರಿಟಿಷರೇ ಅಮೆರಿಕದ ನ್ಯೂಪೋರ್ಟ್ ಬಳಿ ಮುಳುಗಿಸಿಬಿಟ್ಟರು. ಆದ್ರೆ ಅದರ ನಕ್ಷೆಗಳು ಗ್ರೀನಿಚ್‌ನಲ್ಲಿ ಉಳ್ಕೊಂಡಿದ್ವು, ಅಳತೆ ಅಲ್ಲಿಂದಲೇ ತಗೊಂಡದ್ದು.

ಮರದ ವಿಷಯ ಕೇಳಿದ್ರೆ ನಿಮಗೆ ನಗು ಬರಬಹುದು. ಹಳೇದು ಓಕ್, ಇದರ ಒಡಲು ಹೆಚ್ಚಾಗಿ ಜಾರಾ, ಅಂದ್ರೆ ನಮ್ಮ ನೀಲಗಿರಿಯ ದಾಯಾದಿ! ಕೆಂಪಗೆ, ಕಬ್ಬಿಣದಂಥ ಮರ. ಹಾಯಿಕಂಬಗಳು ಡಗ್ಲಸ್ ಫರ್. ಮೋಸ ಎಲ್ಲಿದೆ ಅಂದ್ರೆ ತಳದಲ್ಲಿ: ಕುಕ್ ಕಾಲದಲ್ಲಿ ಸಾಮಾನು ತುಂಬ್ತಿದ್ದ ಜಾಗದಲ್ಲಿ ಈಗ ಡೀಸೆಲ್ ಎಂಜಿನ್, ಅಡುಗೆಮನೆ, ಶವರ್. ಹಾಯಿಬಟ್ಟೆಯೂ ಸಿಂಥೆಟಿಕ್. ನನಗದು ತಪ್ಪು ಅನಿಸ್ಲಿಲ್ಲ. ಇವತ್ತು ಜನರನ್ನ ಕೂರಿಸ್ಕೊಂಡು ಸಮುದ್ರಕ್ಕೆ ಹೋಗ್ಬೇಕಲ್ಲ.

ಮೊಣಕಾಲಿಗೆ: ಏಣಿಗಳು ಕಡಿದಾಗಿವೆ, ಮುಖ ಏಣಿ ಕಡೆಗಿಟ್ಟು ಇಳೀರಿ. ಒಂದು ಕಡೆ ಅಂತೂ ಸೂರು ಎಷ್ಟು ತಗ್ಗು ಅಂದ್ರೆ ಸೊಂಟ ಪೂರ್ತಿ ಬಗ್ಗಿಸಿಯೇ ದಾಟಬೇಕು. ಅದನ್ನ ಮಾತ್ರ ತಪ್ಪಿಸ್ಕೋಬೇಡಿ. ತೊಂಬತ್ತಕ್ಕೂ ಹೆಚ್ಚು ಜನ ಇದರೊಳಗೆ ಹೇಗಿದ್ರು ಅನ್ನೋದು ಅಲ್ಲೇ ಗೊತ್ತಾಗೋದು, ಬೋರ್ಡ್ ಓದಿದ್ರೆ ಅಲ್ಲ.

ಕಾರವಾರದ ಹುಡುಗ, ವಿಜಯನಗರ:
ಸಿಡ್ನಿ ಇರ್ಲಿ ಅಂಕಲ್, ನಮ್ಮ ಕೌಂಡಿನ್ಯ ಹಾಯಿಹಡಗನ್ನ ಮರೀಬೇಡಿ. 2025ರ ಮೇ 21ರಂದು ನಮ್ಮೂರಲ್ಲೇ ನೌಕಾಪಡೆಗೆ ಸೇರಿತು. ಅದಕ್ಕೆ ನಕ್ಷೆಯೇ ಇರ್ಲಿಲ್ಲ, ಇದ್ದದ್ದು ಅಜಂತಾದ ಒಂದು ಚಿತ್ರ. ಹಲಗೆಗಳನ್ನ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದಿದ್ದಾರೆ, ಎಂಜಿನ್ ಇಲ್ಲ. ಡಿಸೆಂಬರ್‌ನಲ್ಲಿ ಪೋರಬಂದರಿನಿಂದ ಹೊರಟು ಜನವರಿಯಲ್ಲಿ ಮಸ್ಕತ್ ಮುಟ್ಟಿತು. ಹಾಯಿ ಮೇಲೆ ಗಂಡಭೇರುಂಡ!

ಮಲ್ಲೇಶ್ವರಂ ಪ್ಯಾಟರ್ನ್‌ಮೇಕರ್:
ನೀಲಗಿರಿಯಲ್ಲಿ ಹಡಗಾ! ಇಲ್ಲಿ ಸೌದೆ, ಪೇಪರ್ ಮಿಲ್ಲು, ಸೆಂಟ್ರಿಂಗ್ ಕಂಬ ಬಿಟ್ರೆ ಅದನ್ನ ಯಾರೂ ಮುಟ್ಟಲ್ಲ. ಬಾಗಿಸೋಕೆ ಹೋದ್ರೆ ಸೀಳುತ್ತೆ, ಒಣಗೋವಾಗ ತಿರುಚಿಕೊಳ್ಳುತ್ತೆ. ಜಾರಾ ಬೇರೆ ಥರ ಇರಬೇಕು, ಕೈಯಲ್ಲಿ ಸವರಿ ನೋಡ್ಬೇಕು. ಎಂಜಿನ್ ಇಟ್ಟದ್ದಕ್ಕೆ ನನ್ನದೂ ತಕರಾರಿಲ್ಲ.

ಕಾರವಾರದ ತಮ್ಮಾ, ಹೊಲಿಗೆ ಮಾತು ಕೇಳಿ ತಲೆ ಓಡ್ತಿದೆ. ಮೊಳೆ ಹೊಡೆದ ಹಲಗೆ ಜಗ್ಗಲ್ಲ, ಹೊಲಿದದ್ದು ಅಲೆ ಬಂದ್ರೆ ಸ್ವಲ್ಪ ಬಳುಕುತ್ತೆ. ಆದ್ರೆ ಆ ತೂತುಗಳಲ್ಲಿ ನೀರು ಬರಲ್ವಾ?

ಕಾರವಾರದ ಹುಡುಗ, ವಿಜಯನಗರ:
ತೂತಿಗೂ ಸಂದಿಗೂ ನಾರು ತುರುಕಿ, ಮೇಲೆ ರಾಳ ಬಳೀತಾರೆ ಅಂಕಲ್. ಆದ್ರೂ ಒಂದಿಷ್ಟು ಜಿನುಗೇ ಜಿನುಗುತ್ತೆ, ಮರದ ದೋಣಿ ಇಟ್ಕೊಂಡ ನಮ್ಮ ಮೀನುಗಾರರನ್ನೇ ಕೇಳಿ.

ಜೆ.ಪಿ. ನಗರ, ಹಿಂದೆ ಸಿಡ್ನಿ:
ನೀರು ಅಂದಾಗ ನೆನಪಾಯ್ತು. 1770ರ ಜೂನ್‌ನಲ್ಲಿ ಎಂಡೆವರ್ ಹವಳದ ದಿಬ್ಬಕ್ಕೆ ಬಡಿದು ತಳ ಒಡೀತು. ಆರು ಫಿರಂಗಿಗಳನ್ನ ಸಮುದ್ರಕ್ಕೆಸೆದು ಹಡಗು ಹಗುರ ಮಾಡಿದ್ರು, ಉಣ್ಣೆ–ನಾರು ಹೊಲಿದ ಹಾಯಿಯನ್ನ ತಳಕ್ಕೆ ಸುತ್ತಿ ತೂತು ಮುಚ್ಚಿದ್ರು. ಆಮೇಲೆ ದಡಕ್ಕೆಳೆದು ನೋಡಿದ್ರೆ, ಮುರಿದ ಹವಳದ ಒಂದು ತುಂಡೇ ತೂತಿಗೆ ಬಿರಡೆ ಹಾಕಿದಂತೆ ಸಿಕ್ಕಿಕೊಂಡಿತ್ತಂತೆ. ಹೋದಾಗ ಅಲ್ಲಿನ ಗೈಡ್‌ಗಳನ್ನ ಇದರ ಬಗ್ಗೆ ಕೇಳಿ ಸರ್, ಬಿಡದೆ ಹೇಳ್ತಾರೆ.