ಲೋಡ್ ಎರಡರಷ್ಟಾದರೆ ಬೇರಿಂಗ್ ಆಯಸ್ಸು ಎಂಟನೇ ಒಂದು ಭಾಗ ಆಗೋದು ಯಾಕೆ?

ಶಾಫ್ಟ್‌ಚಿಂತೆ:
ಬಿಸಿಗಾಳಿ ಬ್ಲೋವರ್ ಒಂದಿದೆ. 1500 ಆರ್‌ಪಿಎಂ, ಎರಡೂ ಕಡೆ ಡೀಪ್ ಗ್ರೂವ್ ಬಾಲ್ ಬೇರಿಂಗ್. ರೇಡಿಯಲ್ ಲೋಡ್ (ಶಾಫ್ಟ್‌ಗೆ ಅಡ್ಡಲಾಗಿ ಬೀಳುವ ಲೋಡ್) ಇಟ್ಟು ಲೆಕ್ಕ ಹಾಕಿದರೆ ಸಿ ಬೈ ಪಿ, ಅಂದರೆ ಬೇರಿಂಗ್‌ನ ಕ್ಯಾಟಲಾಗ್ ಲೋಡ್ ರೇಟಿಂಗ್ ಅನ್ನು ಅದರ ಮೇಲಿನ ಲೋಡಿನಿಂದ ಭಾಗಿಸಿದ್ದು, 15 ಬರುತ್ತದೆ. ಅಂದರೆ ಎಲ್10 ಆಯಸ್ಸು (ನೂರರಲ್ಲಿ ತೊಂಬತ್ತು ಬೇರಿಂಗ್ ದಾಟುವ ಆಯಸ್ಸು) 37,500 ಗಂಟೆ. ಆದರೆ 5000 ಗಂಟೆ ಮುಟ್ಟುವಷ್ಟರಲ್ಲಿ ಗರ್ ಅಂತ ಸದ್ದು ಶುರು. ಬಿಚ್ಚಿದರೆ ರೇಸ್‌ನಲ್ಲಿ (ಬಾಲ್ ಓಡುವ ಉಂಗುರ) ಚಕ್ಕೆ ಎದ್ದಿದೆ, ಇದು ಎರಡನೇ ಸಲ. ಲೋಡ್ ಎಲ್ಲೋ ಜಾಸ್ತಿ ಬರ್ತಿದೆ ಅಂತ ಒಬ್ಬರು ಹೇಳಿದರು. ಆದರೆ ಲೋಡ್ ಎರಡರಷ್ಟಾದರೂ ಕಾಂಟ್ಯಾಕ್ಟ್ ಸ್ಟ್ರೆಸ್ (ಬಾಲ್ ತಾಗುವ ಜಾಗದ ಒತ್ತಡ) ಏರುವುದು 26% ಮಾತ್ರ ಅಲ್ವಾ? ಅಷ್ಟಕ್ಕೆ ಆಯಸ್ಸು ಇಷ್ಟು ಬೀಳುತ್ತದಾ?

ಹಳೇಗ್ರೀಸ್:
ಬೀಳುತ್ತದೆ. ಬಾಲ್ ರೇಸ್ ಮೇಲೆ ಕೂತಾಗ ಎರಡೂ ಸ್ವಲ್ಪ ಅಮುಕಿ ಸಣ್ಣ ದೀರ್ಘವೃತ್ತದಷ್ಟು ಜಾಗ ತಾಗುತ್ತದೆ. ಲೋಡ್ ಏರಿದರೆ ಆ ಜಾಗವೂ ಅಗಲವಾಗುತ್ತದೆ, ಹಾಗಾಗಿ ಸ್ಟ್ರೆಸ್ ಲೋಡಿನ ಘನಮೂಲದಂತೆ ನಿಧಾನಕ್ಕೆ ಏರುತ್ತದೆ. ಹರ್ಟ್ಜ್ 1882ರಲ್ಲೇ ಹಾಕಿಟ್ಟ ಲೆಕ್ಕ ಇದು. ನಿಮ್ಮ 26% ಬಂದಿದ್ದು ಅಲ್ಲಿಂದಲೇ. ಆದರೆ ಬಾಲ್ ಬೇರಿಂಗ್‌ನಲ್ಲಿ ಆಯಸ್ಸು ಸ್ಟ್ರೆಸ್‌ನ ಒಂಬತ್ತನೇ ಘಾತಕ್ಕೆ ವಿಲೋಮ. 1.26 ಅನ್ನು ಒಂಬತ್ತು ಸಲ ಗುಣಿಸಿ ನೋಡಿ, 8 ಬರುತ್ತದೆ!

ಪೆಟ್ಟು ಬೀಳುವುದು ಮೇಲ್ಮೈಗಲ್ಲ, ಅದರ ಕೆಳಗೆ. ತಾಗುವ ಜಾಗ ವೃತ್ತ ಅಂದುಕೊಂಡರೆ, ಅದರ ತ್ರಿಜ್ಯದ ಹತ್ತಿರಹತ್ತಿರ ಅರ್ಧದಷ್ಟು ಆಳದಲ್ಲಿ ಶಿಯರ್ ಸ್ಟ್ರೆಸ್ (ಪದರಗಳನ್ನು ಒಂದರ ಮೇಲೊಂದು ಜಾರಿಸುವ ಒತ್ತಡ) ಜಾಸ್ತಿ. ಪ್ರತಿ ಬಾಲ್ ದಾಟಿದಾಗಲೂ ಅಲ್ಲಿನ ಸ್ಟೀಲ್ ಆ ಕಡೆ ಈ ಕಡೆ ಎಳೆದಾಡಿಸಿಕೊಳ್ಳುತ್ತದೆ. ಆ ಆಳದಲ್ಲಿ ಆಕ್ಸೈಡ್ ಕಣ ಒಂದು ಸಿಕ್ಕಿಕೊಂಡಿದ್ದರೆ ಬಿರುಕು ಅಲ್ಲೇ ಹುಟ್ಟಿ, ಮೇಲಕ್ಕೆ ಬಂದು ಚಕ್ಕೆಯಾಗಿ ಕಿತ್ತು ಬರುತ್ತದೆ. ಲೋಡ್ ಏರಿದರೆ ಸ್ಟ್ರೆಸ್ ಒಂದೇ ಅಲ್ಲ, ಸ್ಟ್ರೆಸ್ ತಿನ್ನುವ ಸ್ಟೀಲಿನ ಗಾತ್ರವೂ ಏರುತ್ತದೆ. ಕೆಟ್ಟ ಕಣ ಸಿಗುವ ಚಾನ್ಸ್ ಜಾಸ್ತಿ.

ನಿಮ್ಮ 37,500 ಎಲ್ಲಾ ಬೇರಿಂಗ್‌ಗೂ ಗ್ಯಾರಂಟಿ ಅಲ್ಲ ಅನ್ನೋದೂ ನೆನಪಿರಲಿ. ನೂರರಲ್ಲಿ ಹತ್ತು ಅದಕ್ಕೂ ಮೊದಲೇ ಹೋಗಬಹುದು. ಆದರೆ ಒಂದೇ ಮೆಷಿನ್‌ನಲ್ಲಿ ಎರಡು ಸಲ ಅಂದರೆ ಅದು ಬರೀ ಲಕ್ ಅಲ್ಲ.

ಹೊಸಬ_ಮೆಕ್:
ಮಧ್ಯೆ ಬಂದೆ, ಸಾರಿ. ಕ್ಯಾಟಲಾಗ್‌ನಲ್ಲಿ ಕಾಂಟ್ಯಾಕ್ಟ್ ಸ್ಟ್ರೆಸ್ 4200 ಎಂಪಿಎ (ಮೆಗಾಪಾಸ್ಕಲ್) ಅಂತ ನೋಡಿದ್ದೆ. ಅದಕ್ಕಿಂತ ಕೆಳಗಿದ್ದರೆ ಸೇಫ್ ಅಲ್ವಾ?

ಹಳೇಗ್ರೀಸ್:
ಅಲ್ಲ, ಈ ತಪ್ಪು ಎಲ್ಲರೂ ಮಾಡುತ್ತಾರೆ. ಅದು ತಿರುಗದೆ ನಿಂತ ಬೇರಿಂಗ್‌ನ ಲೆಕ್ಕ. ಅಷ್ಟು ಸ್ಟ್ರೆಸ್‌ಗೆ ಬಾಲ್ ವ್ಯಾಸದ ಸುಮಾರು ಹತ್ತುಸಾವಿರದಲ್ಲಿ ಒಂದು ಪಾಲು ಶಾಶ್ವತ ತಗ್ಗು ಬೀಳುತ್ತದೆ. ಲೋಹದ ಆಯಾಸಕ್ಕೆ (ಫೆಟೀಗ್, ಮತ್ತೆ ಮತ್ತೆ ಲೋಡ್ ಬಿದ್ದು ಬಿರುಕು ಬಿಡುವುದು) ಐಎಸ್‌ಒ 281, ಅಂದರೆ ಬೇರಿಂಗ್ ಆಯಸ್ಸಿನ ಅಂತರರಾಷ್ಟ್ರೀಯ ಮಾನದಂಡ, ಹಿಡಿಯುವ ಮಿತಿ 1500 ಎಂಪಿಎ ಸುಮಾರು, ಅದೂ ಎಣ್ಣೆ ಸ್ವಚ್ಛವಾಗಿದ್ದರೆ. ಧೂಳು ಸೇರಿ ರೇಸ್‌ನಲ್ಲಿ ಸಣ್ಣ ಗುಳಿ ಬಿದ್ದರೆ, ಗುಳಿಯ ಉಬ್ಬಿದ ಅಂಚಲ್ಲಿ ಸ್ಟ್ರೆಸ್ ವಿಪರೀತ ಏರುತ್ತದೆ. ಆಗ ಬಿರುಕು ಮೇಲಿಂದಲೇ ಶುರು.

ರೇಸ್‌ವೇ_ಓದುಗ:
ಶಾಫ್ಟ್‌ಚಿಂತೆ ಅವರೇ, ಲೆಕ್ಕ ಆಮೇಲೆ. ಹಳೇ ಬೇರಿಂಗ್ ಎಸೆದಿಲ್ಲ ತಾನೆ? ಔಟರ್ ರೇಸ್‌ನಲ್ಲಿ ಬಾಲ್ ಓಡಿದ ಹಾದಿ ಎಲ್ಲಿದೆ ನೋಡಿ. ಬರೀ ರೇಡಿಯಲ್ ಲೋಡ್ ಇದ್ದರೆ ಹಾದಿ ಗ್ರೂವ್‌ನ ನಟ್ಟ ನಡುವೆ, ಲೋಡ್ ಬೀಳುವ ಕಡೆ ಮಾತ್ರ ಇರಬೇಕು.

ಶಾಫ್ಟ್‌ಚಿಂತೆ:
ಕೊಯ್ದು ನೋಡಿದೆ ಸರ್. ಹಾದಿ ಪೂರ್ತಿ ಸುತ್ತಲೂ ಇದೆ. ನಡುವೆ ಇಲ್ಲ, ಗ್ರೂವ್‌ನ ಒಂದು ಬದಿಗೆ ಏರಿದೆ. ತಮಾಷೆ ಅಂದರೆ ಎರಡೂ ಬೇರಿಂಗ್‌ನಲ್ಲಿ ಹೊರಮುಖದ ಕಡೆಗೇ ಏರಿದೆ.

ರೇಸ್‌ವೇ_ಓದುಗ:
ಹಾಗಾದರೆ ಶಾಫ್ಟ್ ಉದ್ದವಾಗಿ ಎರಡನ್ನೂ ಹೊರಕ್ಕೆ ತಳ್ಳುತ್ತಿದೆ. ಎರಡೂ ಕಡೆ ಕವರ್ ಔಟರ್ ಅನ್ನು ಒತ್ತಿ ಹಿಡಿದಿರಬೇಕು. ಶಾಫ್ಟ್ ಉದ್ದ ಎಷ್ಟು?

ಶಾಫ್ಟ್‌ಚಿಂತೆ:
ಬೇರಿಂಗ್‌ಗಳ ನಡುವೆ 800 ಮಿಮೀ. ಹೌದು, ಎರಡೂ ಕಡೆ ಕವರ್ ಟೈಟ್.

ರೇಸ್‌ವೇ_ಓದುಗ:
ಸ್ಟೀಲ್ ಮೀಟರ್‌ಗೆ, ಡಿಗ್ರಿಗೆ 12 ಮೈಕ್ರಾನ್ ಹಿಗ್ಗುತ್ತದೆ. ಹೌಸಿಂಗ್‌ಗಿಂತ ಶಾಫ್ಟ್ 40 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ಸುಮಾರು 0.4 ಮಿಮೀ. ಅಷ್ಟು ಹೋಗೋಕೆ ಜಾಗ ಇಲ್ಲ, ಹಾಗಾಗಿ ಬಾಲ್ ಮೇಲೆ ಬೀಳುತ್ತದೆ. ನಿಮ್ಮ ಲೆಕ್ಕದಲ್ಲಿ ಈ ಆಕ್ಸಿಯಲ್ ಲೋಡ್ (ಶಾಫ್ಟ್ ಉದ್ದಕ್ಕೆ ಬೀಳುವ ಲೋಡ್) ಇಲ್ಲವೇ ಇಲ್ಲ. ಸ್ಟ್ರೆಸ್ 25% ಏರಿದರೂ 37,500 ಗಂಟೆ 5000ಕ್ಕೆ ಇಳಿಯುತ್ತದೆ, ಲೆಕ್ಕ ತಾಳೆ ಆಯಿತಲ್ಲ. ಡ್ರೈವ್ ಕಡೆ ಹಾಗೇ ಬಿಡಿ. ಇನ್ನೊಂದು ಕಡೆ ಕವರ್‌ನ ಒಳಮುಖ ಒಂದು ಮಿಮೀ ಟರ್ನ್ ಮಾಡಿಸಿ. ಔಟರ್ ಆ ಹೌಸಿಂಗ್‌ನಲ್ಲಿ ಕೈಯಲ್ಲಿ ತಳ್ಳಿದರೆ ಸರಿಯಬೇಕು, ಸರಿಯದಿದ್ದರೆ ಕವರ್ ಕೆತ್ತಿಸಿ ಸುಮ್ನೆ ದಂಡ.

ಶಾಫ್ಟ್‌ಚಿಂತೆ:
ಈಗಷ್ಟೇ ತಳ್ಳಿ ನೋಡಿದೆ, ಒಂಚೂರೂ ಅಲುಗಲ್ಲ. ಮೊದಲು ಹೌಸಿಂಗ್ ಬೋರ್ ಅಳೆಯುತ್ತೇನೆ.